ಆಟಕ್ಕೂ ಇಲ್ಲ, ಲೆಕ್ಕಕ್ಕೂ ಇಲ್ಲ



ಹೋದ ತಿಂಗಳು ಯಲಹಂಕ ಉಪನಗರದ ಆಚೆಗಿರುವ ನನ್ನ ತಮ್ಮನ ಮನೆಗೆ ಹೋಗಿದ್ದೆ. ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟು. ಹೆಸರು, ಫೋನ್ ನಂಬರು, ಯಾರ ಮನೆ, ಯಾಕೆ ಬಂದಿರಿ ಎಂದು ಎಲ್ಲ ಬರೆಸಿಕೊಂಡು ಗೇಟಿನವರು ಒಳಗೆ ಬಿಟ್ಟರು. ಸಂಜೆ ಐದೂವರೆ ಹೊತ್ತು. ರಬ್ಬರ್ ಹಾಸಿನ ಮೇಲೆ ಜಾರುಬಂಡೆ, ಉಯ್ಯಾಲೆ. ಹತ್ತು ಹನ್ನೆರಡು ಮಕ್ಕಳು ಆಡುತ್ತಿದ್ದವು. ತಮ್ಮನ ಮಗನಿಗೆ ಎಂಟು ವರ್ಷ. ಮನೆಯಲ್ಲಿ ನನ್ನ ಜೊತೆ ಅರಳು ಹುರಿದಂತೆ ಕನ್ನಡ ಮಾತಾಡಿದವನು, ಕೆಳಗೆ ಇಳಿದ ಕೂಡಲೇ ಇಂಗ್ಲಿಷಿಗೆ ತಿರುಗಿದ. ನಡುನಡುವೆ ಹಿಂದಿ. ನಾನು "ಲೋ ಪುಟ್ಟಾ, ಬಾರೋ ಇಲ್ಲಿ" ಎಂದು ಕೂಗಿದ್ದಕ್ಕೆ ಕೇಳಿಸದವನಂತೆ ನಿಂತ. ಆಮೇಲೆ ಲಿಫ್ಟಿನಲ್ಲಿ ವಿಚಾರಿಸಿದೆ.

"ಕನ್ನಡದಲ್ಲಿ ಮಾತಾಡಿದ್ರೆ ಆಟಕ್ಕೆ ಸೇರಿಸ್ಕೊಳ್ಳಲ್ಲ ದೊಡ್ಡಪ್ಪ" ಅಂದ.

ಇನ್ನೂ ತಮಾಷೆ ಕೇಳಿ. ಆ ಮಕ್ಕಳಲ್ಲಿ ಐದು ಮಕ್ಕಳು ಕನ್ನಡದ ಮನೆಯವೇ! ಒಬ್ಬನ ಅಪ್ಪ ತುಮಕೂರಿನ ಕಡೆಯವರು, ಒಬ್ಬಳ ಅಮ್ಮ ದಾವಣಗೆರೆಯವರು. ಐದು ಕನ್ನಡದ ಮಕ್ಕಳು ಒಂದೇ ಉಯ್ಯಾಲೆಗೆ ಕಿತ್ತಾಡಿದರೂ ಬಾಯಲ್ಲಿ ಕನ್ನಡ ಬರಲಿಲ್ಲ. ಯಾರೂ ಹೊಡೆದು ಬಿಡಿಸಿದ್ದಲ್ಲ. ಯಾವ ದಿಲ್ಲಿಯ ಆದೇಶವೂ ಬಂದಿಲ್ಲ. ತಾನಾಗಿಯೇ ಉದುರಿಹೋಗಿದೆ.

ನಾವು ಚಿಕ್ಕವರಿದ್ದಾಗ ಬೀದಿಯಲ್ಲಿ ಒಂದು ಕಾನೂನಿತ್ತು. 'ಆಟಕ್ಕುಂಟು, ಲೆಕ್ಕಕ್ಕಿಲ್ಲ'. ಯಾರದೋ ಪುಟ್ಟ ತಂಗಿ, ಸರಿಯಾಗಿ ಓಡಲಾರದ ತಮ್ಮ, ಬೀದಿಗೆ ಹೊಸದಾಗಿ ಬಂದ ಮಾತು ತಿಳಿಯದ ಹುಡುಗ, ಇಂಥವರನ್ನು ಹೊರಗೆ ನಿಲ್ಲಿಸುತ್ತಿರಲಿಲ್ಲ. ಆಟದಲ್ಲಿ ಇರಲಿ, ಔಟಾದರೂ ಔಟಿಲ್ಲ ಎಂದು ಸೇರಿಸಿಕೊಳ್ಳುತ್ತಿದ್ದರು. ನಾಲ್ಕು ದಿನ ಆಡಿ ಕಲಿತ ಮೇಲೆ ಅವರೂ ಲೆಕ್ಕಕ್ಕೆ ಬರುತ್ತಿದ್ದರು. ಇವತ್ತು ಬೆಂಗಳೂರಿನ ಮಕ್ಕಳ ಆಟದಲ್ಲಿ ಕನ್ನಡಕ್ಕೆ ಆ ಪುಟ್ಟ ತಂಗಿಯ ಸ್ಥಾನವೂ ಇಲ್ಲ. ಆಟಕ್ಕೂ ಇಲ್ಲ, ಲೆಕ್ಕಕ್ಕೂ ಇಲ್ಲ.

1980ರ ಆಸುಪಾಸಿನ ಯಶವಂತಪುರ ನೆನಪಾಗುತ್ತದೆ. ಒಂದು ಕಡೆ ರೈಲ್ವೆ, ಇನ್ನೊಂದು ಕಡೆ ಮಾರ್ಕೆಟ್ ಯಾರ್ಡು, ನಡುವೆ ನಮ್ಮ ವಠಾರ. ಎಂಟು ಮನೆ, ಒಂದೇ ನಲ್ಲಿ. ಮೊದಲ ಮನೆಯಲ್ಲಿ ರೈಲ್ವೆ ಕೆಲಸದ ತಮಿಳರು, ಪಕ್ಕದಲ್ಲಿ ತೆಲುಗಿನ ಟೈಲರ್, ಮೂಲೆಯಲ್ಲಿ ಉರ್ದು ಮಾತಾಡುವ ಮೆಕ್ಯಾನಿಕ್ ಸಾಹೇಬರು, ಎದುರಿಗೆ ಫ್ಯಾಕ್ಟರಿಗೆ ಹೋಗುತ್ತಿದ್ದ ಹಾಸನದವರು. ಮನೆಯೊಳಗೆ ನಾಲ್ಕು ಭಾಷೆ. ಬಾಗಿಲು ದಾಟಿದರೆ ಒಂದೇ ಭಾಷೆ! ಏಳು ಚಪ್ಪಟೆ ಕಲ್ಲು, ಒಂದು ಸವೆದ ರಬ್ಬರ್ ಚೆಂಡು ಸಿಕ್ಕರೆ ಲಗೋರಿ. ಮರದ ತುಂಡು ಸಿಕ್ಕರೆ ಚಿನ್ನಿದಾಂಡು. ಸೀಮೆಸುಣ್ಣ ಸಿಕ್ಕರೆ ಕುಂಟೆಬಿಲ್ಲೆ. ಮಳೆ ಬಂದರೆ ಹುಣಸೆಬೀಜ ತೇಯ್ದು ಚೌಕಾಬಾರ. ಆಷಾಢದ ಗಾಳಿಗೆ ಗಾಳಿಪಟ.

ತಮಿಳರ ಮನೆಯ ಹುಡುಗನಿಗೆ ನಾವ್ಯಾರೂ ಅ ಆ ಇ ಈ ಹೇಳಿಕೊಡಲಿಲ್ಲ. ಅವನು ಮೊದಲು ಕಲಿತದ್ದು ಬೈಗುಳ. ಆಮೇಲೆ ಕಲಿತದ್ದು ವಾದ. ಆಟದಲ್ಲಿ ಮೋಸವಾದಾಗ ತಾನು ಔಟಾಗಿಲ್ಲ ಎಂದು ಎಂಟು ಹುಡುಗರ ಮುಂದೆ ಸಾಧಿಸಬೇಕಿತ್ತಲ್ಲ! ಚೆಂಡು ಮೈಗೆ ತಗುಲಿತೋ, ಅಂಗಿಗೆ ತಗುಲಿತೋ; ಕಲ್ಲು ಪೂರಾ ಜೋಡಿಸಿದ ಮೇಲೆ ತಗುಲಿತೋ, ಮೊದಲೇ ತಗುಲಿತೋ; ಇದನ್ನೆಲ್ಲ ಸಾಕ್ಷಿ ಸಮೇತ ಹೇಳಬೇಕಿತ್ತು. ಆ ಹೊತ್ತಿಗೆ ನಾಲಿಗೆ ತಾನೇ ತಿರುಗಿತು. ಭಾಷೆ ಬೇಗ ಹತ್ತುವುದು ಜಗಳದಲ್ಲಿ. ಠೂ ಬಿಡುವುದರಲ್ಲಿ, ಮಾರನೇ ದಿನ ರಾಜಿಯಾಗುವುದರಲ್ಲಿ. ಅವನು ಇವತ್ತೂ ಫೋನ್ ಮಾಡಿದರೆ "ಏನೋ ಮಗಾ" ಎಂದೇ ಶುರು.

ನಮ್ಮ ಕನ್ನಡ ದೊಡ್ಡದಾದದ್ದೂ ಹೀಗೆಯೇ. ಮಾಸ್ತಿಯವರ ಮನೆಮಾತು ತಮಿಳು. ಬೇಂದ್ರೆಯವರದು ಮರಾಠಿ. ಕನ್ನಡದ ಮಕ್ಕಳಿಗಾಗಿ ಪದ್ಯ ಬರೆದ ಜಿ.ಪಿ. ರಾಜರತ್ನಂ ಅವರದೂ ತಮಿಳು, ಪಂಜೆ ಮಂಗೇಶರಾಯರದು ಕೊಂಕಣಿ. ಅಷ್ಟು ದೂರ ಯಾಕೆ ಹೋಗಬೇಕು? ಯಲಹಂಕದಿಂದ ಇದೇ ಬಳ್ಳಾರಿ ರಸ್ತೆಯಲ್ಲಿ ಮುಂದೆ ಹೋದರೆ ದೇವನಹಳ್ಳಿ. 1936ರಲ್ಲಿ ಅಲ್ಲಿ ಉರ್ದು ಮಾತಿನ ಮನೆಯಲ್ಲಿ ಹುಟ್ಟಿದ ಮಗು ಮುಂದೆ 'ನಿತ್ಯೋತ್ಸವ'ದ ಕವಿ ಕೆ.ಎಸ್. ನಿಸಾರ್ ಅಹಮದ್ ಆದರು. ಇವರನ್ನೆಲ್ಲ ಕನ್ನಡಕ್ಕೆ ಸೇರಿಸಿದ್ದು ಕಾನೂನಲ್ಲ, ಸುತ್ತಲಿನ ಊರು. ಹೊಸಬರನ್ನು 'ಆಟಕ್ಕುಂಟು' ಎಂದು ಒಳಗೆ ಕರೆದುಕೊಂಡ ಊರು. ಇವತ್ತು ಅದೇ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಇದೆ. ಅಲ್ಲಿ ಬಂದಿಳಿಯುವ ಕುಟುಂಬದ ಮಗುವಿಗೆ ನಾವು ಯಾವ ಬೀದಿ ಇಟ್ಟಿದ್ದೇವೆ?

ಹಾಗಂತ ಹಳೆಯದೆಲ್ಲ ಚಿನ್ನ ಎಂದು ಬೊಗಳೆ ಬಿಡುವುದು ಬೇಡ. ನಮ್ಮ ವಠಾರದ ಹೆಣ್ಣುಮಕ್ಕಳು ಲಗೋರಿ ಅರ್ಧಕ್ಕೆ ಬಿಟ್ಟು ನೀರು ಹಿಡಿಯಲು ಓಡುತ್ತಿದ್ದರು. ಮೈನೆರೆದ ದಿನವೇ ಅವರ ಆಟ ಬಂದ್. ಮಾರ್ಕೆಟ್ ಯಾರ್ಡಿನಲ್ಲಿ ಬಿದ್ದ ಈರುಳ್ಳಿ ಆಯುತ್ತಿದ್ದ ಮಕ್ಕಳು ನಮ್ಮ ವಯಸ್ಸಿನವರೇ, ಅವರಿಗೆ ಯಾವ ಬಾಲ್ಯ? ಯಾರ ಮನೆಯ ಹುಡುಗ ಯಾರ ಮನೆಯ ನೀರು ಕುಡಿಯಬಹುದು ಎಂಬ ಜಾತಿಯ ಗೆರೆ ಆ ಬೀದಿಯಲ್ಲೂ ಇತ್ತು. ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಕಾಯ್ದೆ ಬಂದದ್ದು 1986ರಲ್ಲಿ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕು ಎಂಬ ಕಾಯ್ದೆ ಜಾರಿಯಾದದ್ದು 2010ರಲ್ಲಿ. ಶಾಲೆಯಲ್ಲಿ ಬಿಸಿಯೂಟ ಬಂತು, ಲಸಿಕೆ ಬಂತು. ಇವತ್ತಿನ ಮಗುವಿನ ಹೊಟ್ಟೆ, ಆರೋಗ್ಯ, ಪುಸ್ತಕ ಅಂದಿಗಿಂತ ಎಷ್ಟೋ ಮೇಲು. ಅದನ್ನು ಒಪ್ಪದವನು ಸುಳ್ಳ.

ಆದರೆ ಪುಸ್ತಕ ಕೊಟ್ಟ ಕೈ ಬೀದಿಯನ್ನು ಕಿತ್ತುಕೊಂಡಿತು.

1981ರಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 29 ಲಕ್ಷ. 2011ರಲ್ಲಿ ಪಾಲಿಕೆಯ ವ್ಯಾಪ್ತಿಯಲ್ಲೇ 84 ಲಕ್ಷ. ಹೆಬ್ಬಾಳದ ಮೇಲ್ಸೇತುವೆ 2003ರಲ್ಲಿ ಬಂತು, ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ. ಯಲಹಂಕದ ಸುತ್ತ ಹುಡುಗರು ಕದ್ದು ತಿನ್ನುತ್ತಿದ್ದ ದ್ರಾಕ್ಷಿ ತೋಟಗಳು ಸೈಟುಗಳಾದವು. ಬಳ್ಳಾರಿ ರಸ್ತೆಯನ್ನು ಈಗ ದೊಡ್ಡವರೇ ಕೈಯಲ್ಲಿ ಜೀವ ಹಿಡಿದುಕೊಂಡು ದಾಟಬೇಕು. ಆರ್.ಟಿ. ನಗರದ ಅಡ್ಡರಸ್ತೆಗಳಲ್ಲಿ ಎರಡೂ ಬದಿ ಕಾರು. ಚಿನ್ನಿ ಹಾರಿ ಗಾಜಿಗೆ ಬಡಿದರೆ ಯಾರಪ್ಪ ದುಡ್ಡು ಕೊಡಬೇಕು? ಪಾರ್ಕಿಗೆ ಹೋದರೆ ಬೋರ್ಡು: ಚೆಂಡಾಟ ನಿಷೇಧ, ಹುಲ್ಲಿನ ಮೇಲೆ ನಡೆಯಬಾರದು. ಪಾರ್ಕು ಇರುವುದು ಸಕ್ಕರೆ ಕಾಯಿಲೆಯವರು ಸುತ್ತು ಹಾಕಲು ಮಾತ್ರ ಎಂಬಂತೆ! ಮಗು ಬೆಳಿಗ್ಗೆ ಏಳಕ್ಕೆ ಶಾಲೆಯ ವ್ಯಾನು ಹತ್ತಿ ನಾಲ್ಕಕ್ಕೆ ಇಳಿದು ಐದಕ್ಕೆ ಟ್ಯೂಷನ್‌ಗೆ ಹೋಗುತ್ತದೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿತು. ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಶಾಲೆಗೆ ಹೋದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟು ದಿನ ಪಾಠಕ್ಕೆಂದು ಕೈಗೆ ಬಂದ ಮೊಬೈಲು ಪಾಠ ಮುಗಿದರೂ ಕೈ ಬಿಡಲಿಲ್ಲ. ಈಗ ಆಟವೂ ಅದರಲ್ಲೇ, ಗೆಳೆಯರೂ ಅದರಲ್ಲೇ. ಆ ಗೆಳೆಯರ ಭಾಷೆ ಯಾವುದು ಎಂದು ಕೇಳಬೇಕೇ?

ಅಷ್ಟೂ ಕಾಲ ನಾವು, ಕನ್ನಡಕ್ಕಾಗಿ ಗಂಟಲು ಹರಿದುಕೊಂಡವರು, ಏನು ಮಾಡುತ್ತಿದ್ದೆವು? ತರಗತಿಗಾಗಿ ಹೋರಾಡುತ್ತಿದ್ದೆವು. 1982ರ ಗೋಕಾಕ್ ಚಳವಳಿ ನಮ್ಮ ಹೆಮ್ಮೆ. 1994ರಲ್ಲಿ ಸರ್ಕಾರ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಎಂದು ಆದೇಶಿಸಿತು. ಇಪ್ಪತ್ತು ವರ್ಷ ಕೋರ್ಟು ಅಲೆದು, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದಲ್ಲಿ ಅದು ಬಿದ್ದುಹೋಯಿತು. 2015ರಲ್ಲಿ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂತು, ಕನ್ನಡ ಒಂದು ವಿಷಯವಾಗಿ ಕಡ್ಡಾಯವಾಯಿತು. ಆ ಹೋರಾಟ ಬೇಕಿತ್ತು, ಇನ್ನೂ ಬೇಕು. ಆದರೆ ಸಂಜೆ ನಾಲ್ಕರ ಮೇಲಿನ ಕನ್ನಡದ ಬಗ್ಗೆ ನಾವು ಒಂದು ಕರಪತ್ರವನ್ನೂ ಹಂಚಲಿಲ್ಲ. ಕಡ್ಡಾಯ ಪಾಠ ಮಗುವಿಗೆ ಪರೀಕ್ಷೆ ಬರೆಯುವಷ್ಟು ಕನ್ನಡ ಕೊಟ್ಟೀತು. ಜಗಳವಾಡುವಷ್ಟು ಕನ್ನಡ ಕೊಡುವುದಿಲ್ಲ. ಜಗಳವಾಡಲು ಬಾರದ ಭಾಷೆಯಲ್ಲಿ ಯಾವ ಮಗುವೂ ಗೆಳೆತನ ಮಾಡುವುದಿಲ್ಲ.

ಇನ್ನೊಂದು ಮಾತು. ತಮ್ಮನ ಅಪಾರ್ಟ್‌ಮೆಂಟಿನ ಕಾಂಪೌಂಡ್ ಗೋಡೆಯ ಆಚೆ ಇನ್ನೊಂದು ಕಟ್ಟಡ ಏಳುತ್ತಿದೆ. ಅದರ ಬುಡದಲ್ಲಿ ತಗಡಿನ ಶೆಡ್ಡುಗಳು. ಯಾದಗಿರಿ, ಕಲಬುರಗಿ, ರಾಯಚೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಕುಟುಂಬಗಳು. ಬಾಲ್ಕನಿಯಿಂದ ನೋಡುತ್ತೇನೆ, ಅಲ್ಲಿ ಆರೇಳು ಮಕ್ಕಳು ಒಡೆದ ಟೈಲ್ಸ್ ಚೂರು ಜೋಡಿಸಿ ಲಗೋರಿ ಆಡುತ್ತಿವೆ! ಕೂಗಾಟ, ಕಿತ್ತಾಟ, ಎಲ್ಲ ಅಚ್ಚ ಕನ್ನಡ. ಗೋಡೆಯ ಈಚೆ ಕನ್ನಡ ಬಂದರೂ ಆಡಲು ನಾಚುವ ಮಕ್ಕಳು. ಆಚೆ ಕನ್ನಡ ಬಿಟ್ಟು ಬೇರೇನೂ ಇಲ್ಲದ ಮಕ್ಕಳು. ಕಟ್ಟಡ ಮುಗಿದರೆ ಶೆಡ್ಡು ಕಿತ್ತು ಇನ್ನೊಂದು ಊರು, ಇನ್ನೊಂದು ಶಾಲೆ, ಅಥವಾ ಶಾಲೆಯೇ ಇಲ್ಲ. ಆ ಮಕ್ಕಳ ಆಟ ನೋಡಿ 'ಆಹಾ, ನಮ್ಮ ಬಾಲ್ಯ' ಎಂದು ಕಣ್ಣು ಒರೆಸಿಕೊಳ್ಳುವುದು ನಾಚಿಕೆಗೇಡು. ಆಟ ಇದ್ದವರಿಗೆ ಶಾಲೆ ಇಲ್ಲ, ಶಾಲೆ ಇದ್ದವರಿಗೆ ಆಟ ಇಲ್ಲ. ಎರಡನ್ನೂ ಒಂದೇ ಮಗುವಿಗೆ ಕೊಡಲಾಗದ ನಗರ ಎಷ್ಟು ಎತ್ತರ ಎದ್ದರೇನು?

ಈಗ ನಿಮ್ಮ ಸರದಿ. ಆಟ ದಾಟಿ ಬರುತ್ತಿದ್ದದ್ದು ಅಪ್ಪ ಅಮ್ಮನಿಂದಲ್ಲ, ಮೇಷ್ಟ್ರಿಂದಲ್ಲ. ಹನ್ನೆರಡರ ಹುಡುಗನಿಂದ ಎಂಟರ ಹುಡುಗನಿಗೆ. ಒಂದು ತಂಡ ಬೀದಿಗೆ ಇಳಿಯದಿದ್ದರೆ ಸರಪಳಿ ಅಲ್ಲಿಗೇ ಕಡಿಯಿತು. ಇದನ್ನು ಓದುತ್ತಿರುವ ನೀವು ಇಪ್ಪತ್ತರ ಆಸುಪಾಸಿನವರು. ಬೆಂಗಳೂರಿನ ಬೀದಿಯಲ್ಲಿ ಬುಗುರಿ ಆಡಿಸಿದ ಕಡೆಯ ತಂಡ ಬಹುಶಃ ನೀವೇ. ನಿಮ್ಮ ನಂತರ ಲಗೋರಿ ಅಂಗಡಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಸಿಗುತ್ತದೆ, ಬೇಸಿಗೆ ಶಿಬಿರದಲ್ಲಿ ಫೀಸು ಕಟ್ಟಿದರೆ ಹೇಳಿಕೊಡುತ್ತಾರೆ. ಬೀದಿಯಲ್ಲಿ ಸಿಗುವುದಿಲ್ಲ.

ಮಾಡಬೇಕಾದ್ದೇನು? ಭಾಷಣ ಸಾಕು, ಕೆಲಸ ಹೇಳುತ್ತೇನೆ.

ಒಂದು. ಬಿಡಿಎ ಕಾಯ್ದೆಯ ಪ್ರಕಾರ ಬಡಾವಣೆಯ ಶೇ. 15ಕ್ಕೆ ಕಡಿಮೆಯಿಲ್ಲದಷ್ಟು ಜಾಗ ಉದ್ಯಾನ ಮತ್ತು ಆಟದ ಮೈದಾನಕ್ಕೆ ಮೀಸಲು. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲು 1985ರ ಕಾಯ್ದೆಯೇ ಇದೆ. ನಿಮ್ಮ ಬಡಾವಣೆಯ ನಕ್ಷೆಯನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿ. ನಕ್ಷೆಯಲ್ಲಿ ಮೈದಾನ ಎಂದಿರುವ ಜಾಗದಲ್ಲಿ ಈಗ ಏನಿದೆ ಎಂದು ಹೋಗಿ ನೋಡಿ. 2025ರಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳಾದವು, ಬೆಂಗಳೂರು ಉತ್ತರಕ್ಕೂ ತನ್ನದೇ ಪಾಲಿಕೆ ಬಂತು. ಹೊಸ ಪಾಲಿಕೆಗೆ ಕನ್ನಡದ ಹುಡುಗರು ಹಿಡಿದುಕೊಂಡು ಹೋಗುವ ಅರ್ಜಿಗಳಲ್ಲಿ ಇದೂ ಒಂದಾಗಲಿ. ನಾಮಫಲಕದಷ್ಟೇ ಮುಖ್ಯ ಮೈದಾನ.

ಎರಡು. ಸರ್ಕಾರಿ ಶಾಲೆಯ ಅಂಗಳಕ್ಕೆ ಸಂಜೆ ಬೀಗ ಬೀಳುತ್ತದೆಯೇ? ಮುಖ್ಯೋಪಾಧ್ಯಾಯರನ್ನು, ಎಸ್‌ಡಿಎಂಸಿಯವರನ್ನು ಕಂಡು ಜವಾಬ್ದಾರಿ ನಾವು ಹೊರುತ್ತೇವೆ ಎಂದು ಹೇಳಿ, ವಾರಕ್ಕೆ ಎರಡು ಸಂಜೆ ತೆರೆಸಿ. ಅಪಾರ್ಟ್‌ಮೆಂಟಿನ ಮಕ್ಕಳನ್ನೂ ಶೆಡ್ಡಿನ ಮಕ್ಕಳನ್ನೂ ಒಂದೇ ಅಂಗಳಕ್ಕೆ ಇಳಿಸಿ. ಯಾರ ಮನೆಯ ಭಾಷೆ ಯಾವುದು ಎಂದು ಕೇಳಬೇಡಿ. ಹೊರಗಿನಿಂದ ಬಂದವರ ಮಗು ನಮ್ಮ ವೈರಿಯಲ್ಲ, ಅದು ಇನ್ನೂ ಆಟ ಕಲಿಯದ ಪುಟ್ಟ ತಂಗಿ. 'ಆಟಕ್ಕುಂಟು' ಎಂದು ಕರೆಯಿರಿ. ಆರು ತಿಂಗಳಲ್ಲಿ ಅದು ನಿಮ್ಮ ಜೊತೆ ಕನ್ನಡದಲ್ಲಿ ಜಗಳಕ್ಕೆ ನಿಲ್ಲದಿದ್ದರೆ ಕೇಳಿ. ಹೆಣ್ಣುಮಕ್ಕಳಿಗೂ ಅರ್ಧ ಜಾಗ, ಅರ್ಧ ಹೊತ್ತು. ಹಳೆಯ ತಪ್ಪು ಮತ್ತೆ ಬೇಡ.

ಮೂರು. ನವೆಂಬರ್ 1 ಬಂದರೆ ಆರ್ಕೆಸ್ಟ್ರಾ, ಪೆಂಡಾಲು, ಕಿವಿ ಹರಿಯುವ ಮೈಕು. ಈ ಸಲ ಒಂದು ದಿನ ಪೊಲೀಸರ ಅನುಮತಿ ಪಡೆದು ನಿಮ್ಮ ಅಡ್ಡರಸ್ತೆಗೆ ವಾಹನ ಬಿಡದೆ ಮಕ್ಕಳಿಗೆ ಬಿಟ್ಟುಕೊಡಿ. ಗೋಲಿ, ಬುಗುರಿ, ಲಗೋರಿ ತನ್ನಿ. ಬಾವುಟ ಕಂಬದ ಮೇಲೆ ಹಾರಲಿ, ಕನ್ನಡ ಕೆಳಗೆ ಓಡಾಡಲಿ.

ಕಡೆಯದಾಗಿ, ನಮ್ಮವರಿಗೇ ಒಂದು ಮಾತು. ಶಾಲು ಹೊದ್ದು ವೇದಿಕೆಯ ಮೇಲೆ ಗುಡುಗುವ ಎಷ್ಟು ಮುಖಂಡರ ಮೊಮ್ಮಕ್ಕಳು ಕನ್ನಡದಲ್ಲಿ ಆಡುತ್ತಾರೆ? ಮನೆಯ ಜಗುಲಿಯಲ್ಲಿ ಸೋತು ಮೆಜೆಸ್ಟಿಕ್‌ನಲ್ಲಿ ಗೆಲ್ಲುವುದಕ್ಕಾಗುತ್ತದೆಯೇ?

2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಕ್ರಿ.ಶ. 750ರ ಸುಮಾರಿನ ಕನ್ನಡ! ನಾವೆಲ್ಲ ಕುಣಿದಾಡಿದೆವು, ಕುಣಿಯಬೇಕಾದ್ದೇ. ಕಲ್ಲಿನ ಕನ್ನಡ ಮಣ್ಣಿನಡಿಯಲ್ಲಿ ಸಾವಿರ ವರ್ಷ ಬಿದ್ದಿದ್ದರೂ ಉಳಿಯಿತು. ಬಾಯಿಯ ಕನ್ನಡಕ್ಕೆ ಆ ಪುಣ್ಯ ಇಲ್ಲ. ಅದು ಒಂದು ತಲೆಮಾರು ಆಟ ತಪ್ಪಿಸಿಕೊಂಡರೆ ಮುಗಿಯಿತು.

ಬರುವ ಭಾನುವಾರ ಏಳು ಕಲ್ಲು, ಒಂದು ಚೆಂಡು ತೆಗೆದುಕೊಂಡು ತಮ್ಮನ ಮನೆಗೆ ಮತ್ತೆ ಹೋಗುತ್ತೇನೆ. ಗೇಟಿನಲ್ಲಿ ಯಾಕೆ ಬಂದಿರಿ ಎಂದು ಕೇಳುತ್ತಾರೆ. 'ಆಡುವುದಕ್ಕೆ' ಎಂದು ಬರೆಸುತ್ತೇನೆ. ನೀವೂ ನಿಮ್ಮ ನಿಮ್ಮ ಬೀದಿಗೆ ಇಳಿಯಿರಿ.