ಅಂಗಳದ ಇಂಟರ್‌ಲಾಕ್: ಒಂದು ಮಳೆಗಾಲ ಕಳೆಯದೆ ಪೂರ್ತಿ ಹಣ ಕೊಡಬೇಡಿ

ಸೆಗಣಿ ಸಾರಿಸಿದ ಅಂಗಳ ಗಡಿನಾಡಿನಲ್ಲಿ ಈಗ ಅಪರೂಪ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಮನೆ ಹೊಸದಾಗಲಿ ಹಳೆಯದಾಗಲಿ, ಗೇಟಿನಿಂದ ಜಗಲಿಯ ಬುಡದವರೆಗೆ ಇಂಟರ್‌ಲಾಕ್ ಹಾಕಿಸುವುದು ವಾಡಿಕೆಯಾಗಿದೆ. ಕೆಸರಿಲ್ಲ, ಹುಲ್ಲು ಕೀಳುವ ಕೆಲಸ ಕಡಿಮೆ. ಹಾಕಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಏಪ್ರಿಲಿನಲ್ಲಿ ಹಾಕಿಸಿದ ಅಂಗಳ ಆಗಸ್ಟಿಗೆ ಕಾರಿನ ಚಕ್ರದ ಜಾಡಿನಲ್ಲಿ ಕುಸಿದು, ನೀರು ನಿಂತು, ಪಾಚಿ ಕಟ್ಟಿ, ವಯಸ್ಸಾದವರು ಕಾಲಿಡಲು ಹೆದರುವಂತಾಗುವುದೂ ಉಂಟು. ಅಷ್ಟರಲ್ಲಿ ಕಂಟ್ರಾಕ್ಟರರ ಲೆಕ್ಕ ಚುಕ್ತಾ ಆಗಿರುತ್ತದೆ. ಫೋನ್ ಮಾಡಿದರೆ ‘ನಾಳೆ ಬರ್ತೇನೆ’ ಎಂಬ ಉತ್ತರ.

ಅನೇಕ ಮನೆಗಳಲ್ಲಿ ಇರುವುದು ಅಪ್ಪ-ಅಮ್ಮ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಕೂತು ಮೊಬೈಲಿನಲ್ಲಿ ಬಂದ ಫೋಟೋ ನೋಡಿ ಹಣ ಕಳಿಸುತ್ತಾರೆ. ಫೋಟೋದಲ್ಲಿ ಎಲ್ಲ ಅಂಗಳವೂ ಚಂದವೇ. ಇಂಟರ್‌ಲಾಕಿನ ಗಟ್ಟಿತನ ಇರುವುದು ಬಣ್ಣದಲ್ಲಲ್ಲ, ಬ್ಲಾಕಿನ ಅಡಿಯಲ್ಲಿ. ಬ್ಲಾಕ್ ಕೂರಿಸಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಹಾಗಾಗಿ ನೋಡುವುದಿದ್ದರೆ ಮೊದಲೇ ನೋಡಬೇಕು.

ನಮ್ಮಲ್ಲಿ ಗುಡ್ಡ ಜರಿದು ಮನೆ ಕಟ್ಟುವುದೇ ಹೆಚ್ಚು. ಅಂಗಳದ ಒಂದು ಬದಿ ಗಟ್ಟಿ ಮುರಕಲ್ಲು, ಇನ್ನೊಂದು ಬದಿ ತುಂಬಿಸಿದ ಮಣ್ಣು. ಆ ಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡದಿದ್ದರೆ ಮಳೆಗೆ ಕೂತೇ ಕೂರುತ್ತದೆ. ಮೇಲೆ ಜಲ್ಲಿ ಹಾಸು ಬೇಕು. ಇಲ್ಲಿ ಲೆಕ್ಕ ನೋಡಿ: ಸಾವಿರ ಚದರ ಅಡಿ ಅಂಗಳಕ್ಕೆ ಆರು ಇಂಚು ಜಲ್ಲಿ ಎಂದರೆ 500 ಘನ ಅಡಿ. ಮೂರೇ ಇಂಚಿಗೆ ನಿಲ್ಲಿಸಿದರೆ 250 ಘನ ಅಡಿ ಜಲ್ಲಿಯ ಹಣ ಉಳಿಯಿತು. ಯಾರಿಗೆ ಉಳಿಯಿತು ಎಂದು ಹೇಳಬೇಕಾಗಿಲ್ಲ. ಬ್ಲಾಕ್ ಇಳಿಸುವ ಮುಂಚೆ ನಾಲ್ಕು ಕಡೆ ಅಗೆಸಿ, ಅಳತೆ ಪಟ್ಟಿ ಹಿಡಿದು ನೋಡಿ.

ಬ್ಲಾಕಿಗೂ ಅಳತೆಯಿದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 15658 ಎಂಬ ಮಾನದಂಡ 2006ರಲ್ಲೇ ಬಂದಿದೆ, 2021ರಲ್ಲಿ ಪರಿಷ್ಕರಣೆಯೂ ಆಗಿದೆ. ಕಾರು ಓಡಾಡುವ ಅಂಗಳಕ್ಕೆ 60 ಮಿ.ಮೀ. ದಪ್ಪ ಬೇಕು. ಗೊಬ್ಬರದ ಲಾರಿ ಒಳಗೆ ಬರುವುದಿದ್ದರೆ 80 ಮಿ.ಮೀ. ಒಳ್ಳೆಯದು. ಬ್ಲಾಕ್ ತುಂಬ ನೀರು ಕುಡಿಯಬಾರದು, ಸರಾಸರಿ ಶೇ. 6ರೊಳಗಿರಬೇಕು. ಲ್ಯಾಬಿನ ಪರೀಕ್ಷೆ ಆಗದಿದ್ದರೂ ಮನೆಯಲ್ಲೇ ಒಂದು ಅಂದಾಜು ಮಾಡಬಹುದು. ಚೆನ್ನಾಗಿ ಒಣಗಿದ ಬ್ಲಾಕನ್ನು ತೂಗಿ, ಒಂದು ದಿನ ನೀರಿನಲ್ಲಿಟ್ಟು, ಒರೆಸಿ ಮತ್ತೆ ತೂಗಿ. ಮೂರು ಕಿಲೋದ ಬ್ಲಾಕ್ 180 ಗ್ರಾಮಿಗಿಂತ ಹೆಚ್ಚು ಭಾರವಾದರೆ ಸಂಶಯಪಡಿ.

ಜಲ್ಲಿಯ ಮೇಲಿನ ಮರಳು ಅಥವಾ ಎಂ ಸ್ಯಾಂಡ್ ಹಾಸು ಒಂದೂವರೆ ಇಂಚು ಮೀರಬಾರದು. ಅಡಿಯ ಹೊಂಡ ಮುಚ್ಚಲು ಮರಳು ಸುರಿದರೆ ಹೊಂಡ ಮತ್ತೆ ಮೇಲೆ ಬರುತ್ತದೆ. ಸುತ್ತಲೂ ಕಾಂಕ್ರೀಟಿನ ಅಂಚುಕಟ್ಟು ಇಲ್ಲದಿದ್ದರೆ ಬ್ಲಾಕುಗಳು ಹೊರಕ್ಕೆ ಸರಿದು ಸಂದಿ ಬಿಡುತ್ತವೆ. ಇನ್ನು ಇಳಿಜಾರು. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಮಿಕ್ಕಿ ಮಳೆ ಬೀಳುವ ಊರು ನಮ್ಮದು. ಇಪ್ಪತ್ತು ಅಡಿಗೆ ನಾಲ್ಕೈದು ಇಂಚು ಇಳಿತ ಬೇಕು, ಅದೂ ಮನೆಯಿಂದ ಹೊರಕ್ಕೆ. ನೀರು ತೋಟಕ್ಕೋ ಇಂಗುಗುಂಡಿಗೋ ಹೋಗಬೇಕೇ ಹೊರತು ಪಕ್ಕದ ಮನೆಯವರ ಅಂಗಳಕ್ಕಲ್ಲ.

ಕೆಲಸ ಮುಗಿದ ದಿನ ಹತ್ತು ಅಡಿಯ ನೇರ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿ. ಅದರಡಿ ಕಿರುಬೆರಳು ತೂರಬಾರದು. ನಾಲ್ಕು ಕೊಡ ನೀರು ಹೊಯ್ದು ಎಲ್ಲಿ ನಿಲ್ಲುತ್ತದೆ ನೋಡಿ. ತಗ್ಗಿದ್ದರೆ ಸಂದಿಗೆ ಸಿಮೆಂಟ್ ಮೆತ್ತಿಸಿ ಸುಮ್ಮನಾಗಬೇಡಿ. ಬ್ಲಾಕ್ ಕಿತ್ತು, ಅಡಿ ಸರಿಮಾಡಿ, ಅದೇ ಬ್ಲಾಕನ್ನು ಮತ್ತೆ ಕೂರಿಸಬಹುದು. ಇಂಟರ್‌ಲಾಕಿನ ದೊಡ್ಡ ಅನುಕೂಲವೇ ಅದು.

ಹಾಗಂತ ಎಲ್ಲ ತಪ್ಪನ್ನೂ ಕಂಟ್ರಾಕ್ಟರರ ತಲೆಗೆ ಕಟ್ಟುವುದು ನ್ಯಾಯವಲ್ಲ. ಮೂರು ಕಡೆ ರೇಟು ಕೇಳಿ, ಕಡಿಮೆ ಹೇಳಿದವರಿಂದಲೂ ಮತ್ತೆ ಚದರ ಅಡಿಗೆ ಐದು ರೂಪಾಯಿ ಕಡಿಮೆ ಮಾಡಿಸುವವರು ನಾವೇ. ಆ ಐದು ರೂಪಾಯಿ ಜಲ್ಲಿಯಲ್ಲಿ ಕಡಿತವಾಗುತ್ತದೆ. ಸರಿಯಾದ ರೇಟು ಕೊಡೋಣ, ಆದರೆ ಹತ್ತರಲ್ಲಿ ಒಂದು ಪಾಲನ್ನು ದೀಪಾವಳಿಯವರೆಗೆ ಹಿಡಿದಿಡೋಣ. ಕೆಲಸದ ಮೇಲೆ ನಂಬಿಕೆ ಇರುವ ಕಂಟ್ರಾಕ್ಟರ್ ಇದಕ್ಕೆ ಬೇಡ ಎನ್ನಲಾರರು. ಮೊದಲೇ ಹೇಳಿ ಒಪ್ಪಿಸಿರಬೇಕು, ಅಷ್ಟೆ.

ಈ ಒಪ್ಪಂದ ಬಾಯಿಮಾತಿನಲ್ಲಿ ಬೇಡ. ಮನೆಯಲ್ಲಿ ನಮ್ಮ ಮಾತು ಕನ್ನಡ, ತುಳು, ಮರಾಠಿ ಯಾವುದೇ ಇರಲಿ, ಕೊಟೇಶನ್ ಬರುವುದು ಹೆಚ್ಚಾಗಿ ಮಲಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ. ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ, ಕನ್ನಡದಲ್ಲಿ ಒಂದು ಪ್ರತಿ ಬರೆಸಿಕೊಳ್ಳಿ. ಅದರಲ್ಲಿ ಬ್ಲಾಕಿನ ದಪ್ಪ, ಜಲ್ಲಿಯ ಇಂಚು, ಅಂಚುಕಟ್ಟು, ಹಿಡಿದಿಡುವ ಹಣ, ಇಷ್ಟು ಇದ್ದರೆ ಸಾಕು. ಭಾಷೆ ಬೇರೆಯಾದರೂ ಅಂಕಿ ಒಂದೇ. ಜಗಳ ಬಿದ್ದರೆ ಕಾಸರಗೋಡಿನಲ್ಲೇ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದೂ ಇಲ್ಲ. ಆದರೆ ಅಲ್ಲಿ ಮೊದಲು ಕೇಳುವುದು ಕಾಗದ, ಬಿಲ್ಲು.

ಊರಿಗೆ ಹಣ ಕಳಿಸುವ ಮಕ್ಕಳು ಮುಂದಿನ ಸಲ ಮುಗಿದ ಅಂಗಳದ ಫೋಟೋ ಕೇಳುವ ಮೊದಲು ಜಲ್ಲಿ ಹಾಸಿದ ಅಂಗಳದ ಫೋಟೋ ಕೇಳಲಿ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು.