ಬೀಗದ ಕೈ ಹಿಡಿದವರಿಗೆ

ನಮ್ಮ ಸರ್ಕಾರಿ ಶಾಲೆಗಳಿಗೆ ಪುಸ್ತಕವೇ ಬರುವುದಿಲ್ಲ ಎಂಬ ದೂರು ಈಗ ಪೂರಾ ನಿಜವಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಹಂತ ನೋಡಿ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನವಿದೆ. ಸಾಲದು, ತಡವಾಗಿ ಬರುತ್ತದೆ ಎನ್ನಬಹುದು, ಒಪ್ಪೋಣ. ಆದರೂ ದಾನಿಗಳು, ಹಳೆಯ ವಿದ್ಯಾರ್ಥಿಗಳು, ಸಂಘ ಸಂಸ್ಥೆಗಳು ಕೊಟ್ಟದ್ದೂ ಸೇರಿ ಒಂದಷ್ಟು ಪುಸ್ತಕ ಹೆಚ್ಚಿನ ಶಾಲೆಗಳಲ್ಲಿ ಇದ್ದೇ ಇರುತ್ತದೆ. ಬಂದದ್ದು ದಾಸ್ತಾನು ವಹಿಗೆ ಏರುತ್ತದೆ, ಶಾಲೆಯ ಮೊಹರು ಬೀಳುತ್ತದೆ, ಮುಖ್ಯ ಶಿಕ್ಷಕರ ಕೊಠಡಿಯ ಕಬ್ಬಿಣದ ಬೀರು ಸೇರುತ್ತದೆ. ಬೀಗದ ಕೈ ಒಬ್ಬ ಶಿಕ್ಷಕರ ಪಾಲಿಗೆ ಬರುತ್ತದೆ. ಅವರಿಗೆ ಸಿಕ್ಕಿದ್ದು ಅದಷ್ಟೇ. ಪುಸ್ತಕವನ್ನು ಮಗುವಿನ ಕೈಗೆ, ಕೈಯಿಂದ ಮನಸ್ಸಿಗೆ ದಾಟಿಸುವ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಲಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆರೆದು ನೋಡಿ. ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅಲ್ಲಿ ದಿನಪತ್ರಿಕೆ, ನಿಯತಕಾಲಿಕ, ಕಥೆ ಪುಸ್ತಕ ಎಲ್ಲ ಇರಬೇಕು ಎಂದು ಬರೆದಿದೆ. ಚಿತ್ರಕಲೆಗೆ, ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಯಾವಾಗ ಬೇಕೆಂದೂ ಬರೆದಿದೆ. ಗ್ರಂಥಪಾಲಕರ ಮಾತೇ ಇಲ್ಲ. ಕೇಂದ್ರೀಯ ವಿದ್ಯಾಲಯ, ನವೋದಯಗಳಲ್ಲಿ ಆ ಹುದ್ದೆ ಇದೆ. ಹಳ್ಳಿಯ ಶಾಲೆಯಲ್ಲಿ ಅದು ಕನ್ನಡ ಮೇಷ್ಟ್ರಿಗೋ ಹೊಸದಾಗಿ ಬಂದ ಟೀಚರಮ್ಮನಿಗೋ ಅಂಟಿಕೊಳ್ಳುವ ಹೆಚ್ಚುವರಿ ಪ್ರಭಾರ. ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ತಂತ್ರಾಂಶಕ್ಕೆ ಮಕ್ಕಳ ಮಾಹಿತಿ ಎಂಟ್ರಿ, ಗಣತಿ, ಚುನಾವಣೆ ಎಲ್ಲ ಮುಗಿದ ಮೇಲೆ ನೆನಪಾಗುವಂಥದ್ದು.

ಇಂಥವರು ಬೀರು ತೆರೆಯುವುದಿಲ್ಲ ಎಂದು ಬಯ್ಯುವುದು ಸುಲಭ. ಅವರ ಹೆದರಿಕೆ ಏನೆಂದು ಕೇಳಿದವರು ಕಡಿಮೆ. ವರ್ಗವಾಗಿ ಹೋಗುವಾಗ ಚಾರ್ಜ್ ಲಿಸ್ಟಿನಲ್ಲಿ ನಾಲ್ಕು ಪುಸ್ತಕ ಕಡಿಮೆ ಬಂದರೆ ಕೈಯಿಂದ ಕಟ್ಟಬೇಕಾದೀತು ಎಂಬ ಭಯ ಅದು. ತಪಾಸಣೆಗೆ ಬಂದ ಸಾಹೇಬರು ಕೇಳುವುದು ‘ವಹಿ ಎಲ್ಲಿ?’ ಎಂದು. ‘ಈ ತಿಂಗಳು ಮಕ್ಕಳು ಹೆಚ್ಚು ಮೆಚ್ಚಿದ ಪುಸ್ತಕ ಯಾವುದು?’ ಎಂದು ಕೇಳಿದ ಸಾಹೇಬರನ್ನು ನಾನಂತೂ ಕಂಡಿಲ್ಲ. ಅಂಚು ಮಡಿಚಿ, ಹೊಲಿಗೆ ಬಿಚ್ಚಿ, ಬೆರಳ ಗುರುತು ಹತ್ತಿದ ಪುಸ್ತಕ ಆ ಶಾಲೆಯ ಹೆಮ್ಮೆಯಾಗಬೇಕಿತ್ತು. ನಮ್ಮಲ್ಲಿ ಅದು ಶಿಕ್ಷಕರ ಅಪರಾಧ.

ತರಬೇತಿ ಒಬ್ಬ ಮನುಷ್ಯನನ್ನು ಎಷ್ಟು ಬದಲಿಸಬಲ್ಲದು ಎಂಬುದಕ್ಕೆ ದೂರ ಹುಡುಕಬೇಕಿಲ್ಲ. ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ಹೋದರು. ಕೆಲವೇ ದಿನಗಳಲ್ಲಿ ಬೇಸತ್ತು, ನನ್ನನ್ನು ಪಾಠಕ್ಕೇ ವಾಪಸ್ ಕರೆಸಿಕೊಳ್ಳಿ ಎಂದು ದುಂಬಾಲು ಬಿದ್ದರು. ಮೊದಲು ಇಂಗ್ಲೆಂಡಿಗೆ ಹೋಗಿ ಈ ಕೆಲಸ ಕಲಿತು ಬನ್ನಿ, ಆಮೇಲೂ ಬೇಡವಾದರೆ ನೋಡೋಣ ಎಂದರು ಹಿರಿಯರು. ಹೋದರು. ಅಲ್ಲಿನ ಗ್ರಂಥಾಲಯಗಳನ್ನು ಸುತ್ತಿದರು, ಮಕ್ಕಳೂ ದುಡಿಯುವವರೂ ಪುಸ್ತಕ ಒಯ್ಯುವುದನ್ನು ನೋಡಿದರು. 1925ರಲ್ಲಿ ಮರಳಿದವರು ಮತ್ತೆ ಗಣಿತದ ಕಡೆ ತಿರುಗಲಿಲ್ಲ. ಗ್ರಂಥಾಲಯದ ಬಗ್ಗೆ ಅವರು ಹೇಳಿದ ಪಂಚಸೂತ್ರಗಳು ಮೊದಲು ಬಹಿರಂಗವಾಗಿ ಕೇಳಿಬಂದದ್ದು 1928ರ ಕೊನೆಗೆ, ಅಣ್ಣಾಮಲೈನಗರದ ಒಂದು ಶಿಕ್ಷಣ ಸಮ್ಮೇಳನದಲ್ಲಿ. ಪುಸ್ತಕವಾದದ್ದು 1931ರಲ್ಲಿ. ಮೊದಲ ಸೂತ್ರವೇ, ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದು. ಕೊನೆಯ ವರ್ಷಗಳನ್ನು ಅವರು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ಅವರ ಹುಟ್ಟಿದ ದಿನ, ಆಗಸ್ಟ್ 12ರಂದು, ಫೋಟೊಗೆ ಹಾರ ಹಾಕುತ್ತೇವೆ. ಪಕ್ಕದಲ್ಲೇ ಬೀರುವಿಗೆ ಬೀಗ.

ಹಾಗಾದರೆ ಬೀಗದ ಕೈ ಹಿಡಿದ ಶಿಕ್ಷಕರಿಗೆ ಏನು ಕಲಿಸಬೇಕು? ವರ್ಗೀಕರಣ, ಸಂಖ್ಯೆ ಹಾಕುವುದು, ವಹಿ ಬರೆಯುವುದು ಅರ್ಧ ದಿನದ ಪಾಠ. ಅದನ್ನೇ ಮೂರು ದಿನ ಎಳೆಯಬೇಡಿ. ಮೊದಲು ಶಿಕ್ಷಕರ ಕೈಗೇ ಮಕ್ಕಳ ಪುಸ್ತಕ ಕೊಟ್ಟು ಓದಲು ಬಿಡಿ. ಕಹಿಯಾದರೂ ಹೇಳಲೇಬೇಕು: ಪಠ್ಯದಾಚೆಗೆ ಏನನ್ನೂ ಓದದ ಶಿಕ್ಷಕರು ನಮ್ಮಲ್ಲಿ ಬಹಳ ಜನ. ತಾನು ಓದದವರು ಮಗುವಿಗೆ ‘ಓದು’ ಎಂದರೆ ಅದು ಆಜ್ಞೆಯಾಗುತ್ತದೆ, ಆಸೆಯಾಗುವುದಿಲ್ಲ. ಬೀರುವಿನಲ್ಲಿರುವ ಐವತ್ತು ಪುಸ್ತಕಗಳ ಒಳಗೇನಿದೆ ಎಂದು ಬಲ್ಲ ಮೇಷ್ಟ್ರು ಮಾತ್ರ, ‘ನೀನು ಹಾವು ಹಿಡಿಯೋರ ಬಗ್ಗೆ ಕೇಳ್ತಿದ್ದೆಯಲ್ಲ, ತಗೋ ಇದನ್ನ’ ಎಂದು ಹೇಳಬಲ್ಲರು.

ಆಮೇಲೆ ಗಟ್ಟಿಯಾಗಿ ಓದಿ ಹೇಳುವ ಕಲೆ. ಎಲ್ಲಿ ದನಿ ತಗ್ಗಿಸಬೇಕು, ಚಿತ್ರವನ್ನು ಎಷ್ಟು ಹೊತ್ತು ಹಿಡಿದು ತೋರಿಸಬೇಕು, ಯಾವ ಪುಟಕ್ಕೆ ನಿಲ್ಲಿಸಿದರೆ ಮಕ್ಕಳು ಮುಂದಿನದನ್ನು ತಾವೇ ಹುಡುಕಿಕೊಂಡು ಬರುತ್ತಾರೆ ಎಂಬುದು ಅಭ್ಯಾಸದಿಂದಲೇ ಬರುವಂಥದ್ದು. ಮನೆಯಲ್ಲಿ ತುಳು, ಲಂಬಾಣಿ, ಉರ್ದು, ಕೊಂಕಣಿ ಆಡುವ ಮಗುವಿಗೆ ಪುಸ್ತಕದ ಕನ್ನಡ ಮೊದಲು ಕಿವಿಯಿಂದ ಇಳಿಯಬೇಕು. ಕಣ್ಣಿನ ಸರದಿ ಆಮೇಲೆ.

ಇನ್ನೊಂದನ್ನು ಕಲಿಸುವುದಕ್ಕಿಂತ ಮರೆಸಬೇಕು. ಕಥೆ ಮುಗಿದ ಕೂಡಲೇ ‘ಇದರ ನೀತಿ ಏನು?’ ಎಂದು ಕೇಳುವ ಚಟ. ನಗುತ್ತಿದ್ದ ಮಗು ಆ ಪ್ರಶ್ನೆ ಕೇಳಿ ಕೈಕಟ್ಟಿ ನಿಲ್ಲುತ್ತದೆ. ಸಾರಾಂಶ ಬರೆ, ಹೊಸ ಪದ ಪಟ್ಟಿ ಮಾಡು ಎಂದರೆ ಮುಗಿಯಿತು. ಮುಂದಿನ ವಾರ ಅದು ಅತ್ಯಂತ ತೆಳುವಾದ ಪುಸ್ತಕವನ್ನೇ ಆರಿಸುತ್ತದೆ. ಅರ್ಧಕ್ಕೆ ಬಿಡುವ, ಹಿಡಿಸಿದ್ದನ್ನೇ ಹತ್ತು ಸಲ ಓದುವ, ಬರೀ ಚಿತ್ರ ನೋಡುವ ಹಕ್ಕು ನಮಗಿದೆ. ಮಗುವಿಗೆ ಏಕಿಲ್ಲ?

ಇದೆಲ್ಲ ಆಗದ ಮಾತೇನಲ್ಲ. ಟಾಟಾ ಟ್ರಸ್ಟ್ಸ್‌ನ ‘ಪರಾಗ್’ ಕಾರ್ಯಕ್ರಮ ವರ್ಷಗಳಿಂದ ಶಾಲಾ ಗ್ರಂಥಾಲಯ ನಡೆಸುವವರಿಗೆಂದೇ ಕೋರ್ಸ್ ನಡೆಸುತ್ತಿದೆ. ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಹುಟ್ಟಿದ್ದು 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯಲ್ಲಿ, ಶಿಕ್ಷಕರೇ ರಿಷಿ ವ್ಯಾಲಿಯ ಶಾಲೆಗಳಿಗೆ ಹೋಗಿ ನೋಡಿ ಬಂದ ಮೇಲೆ. ಆಮೇಲೆ ಅದು ರಾಜ್ಯವೆಲ್ಲ ಹರಡಿತು. ನಮ್ಮ ಮೇಷ್ಟ್ರುಗಳಿಗೆ ಕಲಿಯುವ ಶಕ್ತಿ ಇಲ್ಲ ಎನ್ನುವವರು ಆ ಚರಿತ್ರೆ ಓದಲಿ. ಕಾದಂಬರಿಕಾರ ಗಳಗನಾಥರೂ ಮೇಷ್ಟ್ರೇ. ಪುಸ್ತಕದ ಹೊರೆ ಹೊತ್ತು ಊರೂರು ನಡೆದು ಕನ್ನಡಿಗರಿಗೆ ಓದಿನ ರುಚಿ ಹತ್ತಿಸಿದವರು.

ಇಲಾಖೆಯ ಹಿರಿಯರೇ, ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳು ಹೇಗೂ ನಡೆಯುತ್ತವೆ. ಅದರಲ್ಲಿ ಒಂದು ಗಂಟೆ ಮಕ್ಕಳ ಪುಸ್ತಕಕ್ಕೆ ಕೊಡಿ, ಸುತ್ತೋಲೆ ಓದುವುದನ್ನು ಅಷ್ಟು ಕಡಿಮೆ ಮಾಡಿ. ಓದಿ ಓದಿ ಸವೆದ, ಕಳೆದ ಪುಸ್ತಕಕ್ಕೆ ಶಿಕ್ಷಕರಿಂದ ವಸೂಲಿ ಇಲ್ಲ ಎಂದು ಸ್ಪಷ್ಟವಾಗಿ ಬರೆದು ಸಹಿ ಹಾಕಿ. 2020ರ ಮಕ್ಕಳ ದಿನದಂದು ಶುರುವಾದ ‘ಓದುವ ಬೆಳಕು’ ಅಭಿಯಾನ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಕರೆತಂದಿತು. ಅಲ್ಲಿನ ಮೇಲ್ವಿಚಾರಕರನ್ನೂ ಶಾಲೆಯ ಶಿಕ್ಷಕರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಕಲಿಸಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ತಾಯಂದಿರೇ, ಮುಂದಿನ ಸಭೆಯಲ್ಲಿ ಬೀರು ತೆರೆಸಿ ನೋಡಿ.

ಮೇಷ್ಟ್ರೇ, ಟೀಚರಮ್ಮ, ತರಬೇತಿಯ ಆದೇಶ ಬರುವವರೆಗೆ ಕಾಯಬೇಡಿ. ಐದನೇ ತರಗತಿಯ ಮಗು ಮುಂದಿನ ಜೂನ್‌ಗೆ ಆರಕ್ಕೆ ಹೋಗುತ್ತದೆ, ನಿಮ್ಮ ಆದೇಶಕ್ಕಾಗಿ ನಿಲ್ಲುವುದಿಲ್ಲ. ಇವತ್ತು ಸಂಜೆ ಬೀರುವಿನಿಂದ ಒಂದು ಪುಸ್ತಕ ಮನೆಗೆ ಒಯ್ಯಿರಿ, ಓದಿ. ನಾಳೆ ಬೆಳಿಗ್ಗೆ ಅದನ್ನು ಮಕ್ಕಳಿಗೆ ಓದಿ ಹೇಳಿ.