ಎಳೆಯರ ಶಾಲೆಯೂ ತಾಯ್ನುಡಿಯೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಗೃಹಸ್ಥರು ಎಳೆಯ ಮಕ್ಕಳನ್ನು ಬಹುಭಾಷಾ ಅಂತರರಾಷ್ಟ್ರೀಯ ಶಾಲೆಗೆ ಸೇರಿಸಲು ಬಯಸಿದರೆ ನಾವು ಅವರನ್ನು ಹಳಿಯಲಾರೆವು. ಬೋಧನಭಾಷೆಯ ಆಯ್ಕೆ ತಂದೆತಾಯಿಗಳದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ತೀರ್ಪಿತ್ತಿತು. ತಾಯ್ನುಡಿಯನ್ನು ಕಡ್ಡಾಯಮಾಡಿದ್ದ 1994ರ ಸರ್ಕಾರಿ ಆಜ್ಞೆ ಖಾಸಗಿ ಶಾಲೆಗಳ ಮಟ್ಟಿಗೆ ನಿಲ್ಲಲಿಲ್ಲ. 2015ರ ಕಾನೂನು ಕನ್ನಡವನ್ನು ಒಂದು ವಿಷಯವಾಗಿ ಮಾತ್ರ ಉಳಿಸಿತು. ಆದರೆ ನುಡಿಯೊಂದನ್ನು ಕಲಿಯುವುದು ಬೇರೆ, ಆ ನುಡಿಯಲ್ಲಿ ಲೋಕವನ್ನರಿಯುವುದು ಬೇರೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯನ್ನೇ ನೋಡಿರಿ. ನಾಡನ್ನು ಕಳೆದುಕೊಂಡು ಬಂದ ಟಿಬೆಟ್ಟಿನವರು ತಮ್ಮ ಮಕ್ಕಳಿಗೆ ಸ್ವಭಾಷೆಯಲ್ಲಿ ಮೊದಲ ಪಾಠಗಳನ್ನು ಹೇಳಿ, ಇಂಗ್ಲಿಷನ್ನೂ ಜೊತೆಗೆ ಕಲಿಸುವರು. ನಾಡುಳ್ಳ ನಮಗೆ ಇದು ಅಸಾಧ್ಯವೇ?

ಆದುದರಿಂದ ಶುಲ್ಕ ತೆರುವ ಮುನ್ನ ಒಂದು ಮಾತು ಕೇಳಿರಿ: ಈ ಬಹುಭಾಷೆಗಳ ನಡುವೆ, ಮಗು ಮನೆಯಲ್ಲಾಡುವ ಭಾಷೆಯಲ್ಲಿ ಯಾವ ಯಾವ ಪಾಠ ನಡೆಯುವುದು? ಉತ್ತರ ದೊರೆಯದಿದ್ದರೆ, ಬಹುಭಾಷೆಯೆಂಬುದು ಬರಿಯ ಹೆಸರೆಂದು ತಿಳಿಯಬೇಕು.